ಏಳನೇ ನಂಬರಿನ ಎರಡು ಮಾರ್ಕು

ಕುಶಾಲಪ್ಪ ಮಾಷ್ಟ್ರು ನ್ಯಾಯವಂತರು. ಈ ಮಾತನ್ನು ಊರಿನಲ್ಲಿ ಬೇರೆ ಯಾರೂ ಹೇಳದ ಕಾರಣ ಅವರೇ ಆಗಾಗ ಹೇಳಿಕೊಳ್ಳಬೇಕಾಗಿ ಬರುತ್ತಿತ್ತು. ಸುಳ್ಯದಿಂದ ಈಶ್ವರಮಂಗಲದ ಕಡೆಗೆ ಹೋಗುವ ಬಸ್ಸು ಏದುಸಿರು ಬಿಟ್ಟುಕೊಂಡು ಹತ್ತುವ ಒಂದು ಗುಡ್ಡದ ಮೇಲೆ ಹೈಸ್ಕೂಲು. ಅಲ್ಲಿ ಅವರು ಸಮಾಜ ವಿಜ್ಞಾನ ಕಲಿಸುವವರು. ಪಾಠ ಮಾಡುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನೀರು ಗಂಟಲಿಗೆ ಸಿಕ್ಕುತ್ತಿದ್ದದ್ದು ಪೇಪರ್ ತಿದ್ದುವಾಗ.

ಕಾರಣ ಇಷ್ಟೆ. ಒಂಬತ್ತನೇ ತರಗತಿಯ ಯಾವ ಪೇಪರ್ ತೆರೆದರೂ ಅವರಿಗೆ ಹೆಸರಿನ ಹಿಂದೆ ಒಂದು ಮನೆ ಕಾಣುತ್ತಿತ್ತು, ಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತವರು ಕಾಣುತ್ತಿದ್ದರು. ಮೋಕ್ಷಿತ್ ಎಂದರೆ ಹೆಂಡತಿ ಸೇವಂತಿಯ ಅಣ್ಣ ಜತ್ತಪ್ಪನ ಮಗ. ಮಾಷ್ಟ್ರು ದಿನಾ ಶಾಲೆಗೆ ಹೋಗುವುದು ಜತ್ತಪ್ಪನ ರಿಕ್ಷಾದಲ್ಲಿ. ಮೋಕ್ಷಿತನಿಗೆ ಮಾರ್ಕು ಕಡಿಮೆ ಬಿದ್ದ ವಾರ ಆ ರಿಕ್ಷಾ ದಾರಿಯ ಒಂದೇ ಒಂದು ಗುಂಡಿಯನ್ನೂ ಬಿಡುತ್ತಿರಲಿಲ್ಲ. ಜಾಸಿರ್ ಎಂದರೆ ಬೇಲಿಯಾಚೆ ಮನೆಯ ಫೌಝಿಯಾಳ ಮಗ. ಇವನ ಅಕ್ಷರ ಕೋಳಿ ಕೆದಕಿದ ಹಾಗೆ. ಮಾಷ್ಟ್ರು ಮೊದಲ ಎರಡು ಸಾಲಿನ ಮೇಲೆ ಕಣ್ಣಾಡಿಸಿ, ಕಣ್ಣು ಉಜ್ಜಿಕೊಂಡು, ಅಂದಾಜಿನಲ್ಲಿ ಇಪ್ಪತ್ತೈದಕ್ಕೆ ಆರೋ ಎಂಟೋ ಹಾಕಿ ಮುಂದಿನ ಪೇಪರಿಗೆ ಹೋಗುವುದು ರೂಢಿ. ಇನ್ನು ಭವಿತಾ. ಅವಳು ಸ್ವಂತ ಮಗಳು.

ಮಗಳು ಜಾಣೆ, ತೊಂದರೆ ಆದದ್ದೇ ಅಲ್ಲಿ. ಅವಳಿಗೆ ಒಳ್ಳೆಯ ಮಾರ್ಕು ಬಂದಾಗಲೆಲ್ಲ ಜತ್ತಪ್ಪ ಗೇರು ಬದಲಿಸುತ್ತಾ, "ಪ್ರಶ್ನೆ ಹುಟ್ಟುದು ನಿಮ್ಮ ಮನೆಯಲ್ಲಿ, ಮಾರ್ಕು ಹುಟ್ಟುದೂ ನಿಮ್ಮ ಮನೆಯಲ್ಲಿ. ಇನ್ನು ಫಸ್ಟ್ ಬರಲಿಕ್ಕೆ ನಮ್ಮ ಮಕ್ಕಳು ಎಲ್ಲಿಗೆ ಹೋಗುದು ಭಾವ?" ಎನ್ನುತ್ತಿದ್ದ. ತರಗತಿಯಲ್ಲೂ ಇದೇ ಪಿಸುಮಾತು. ಪಾಪದ ಹುಡುಗಿ ಇದನ್ನೆಲ್ಲ ಕೇಳಿ ಕೇಳಿ ಮುಂದಿನ ಬೆಂಚಿನಿಂದ ಎದ್ದು ಕೊನೆಯ ಬೆಂಚಿಗೆ ಹೋಗಿ ಕೂತಿದ್ದಳು. ಗೊತ್ತಿದ್ದ ಉತ್ತರಕ್ಕೂ ಕೈ ಎತ್ತುತ್ತಿರಲಿಲ್ಲ.

ಊರ ಬಾಯಿ ಮುಚ್ಚಿಸಲು ಮಾಷ್ಟ್ರು ಒಂದು ಉಪಾಯ ಕಂಡುಹಿಡಿದಿದ್ದರು. ಪ್ರತಿ ಪರೀಕ್ಷೆಯಲ್ಲೂ ಎಲ್ಲ ಕೂಡಿಸಿ ಆದ ಮೇಲೆ ಮಗಳ ಒಟ್ಟು ಮಾರ್ಕಿನಿಂದ ಎರಡು ಕಡಿಯುವುದು. ಯಾರಿಗೂ ಹೇಳುವುದಿಲ್ಲ. ಹೆಂಡತಿಗೂ ಇಲ್ಲ, ಮಗಳಿಗಂತೂ ಇಲ್ಲವೇ ಇಲ್ಲ. ಅಪ್ಪನ ಲೆಕ್ಕವನ್ನು ಅವಳು ಮತ್ತೆ ಕೂಡಿಸಿ ನೋಡುವವಳೂ ಅಲ್ಲ. ಆಮೇಲೆ ಆ ಪೇಪರನ್ನು ಕಟ್ಟಿನೊಳಗೆ ಸೇರಿಸಿ, ತಾನೊಬ್ಬ ಎಂಥ ನಿಷ್ಪಕ್ಷಪಾತಿ ಎಂದು ತಾವೇ ಮೆಚ್ಚಿ ತಲೆದೂಗುವುದು. ಹೀಗೆ ಎರಡು ವರ್ಷದಿಂದ ನಡೆದು ಬಂದಿತ್ತು. ಊರ ಬಾಯಿ ಮಾತ್ರ ತೆರೆದದ್ದು ತೆರೆದೇ ಇತ್ತು.

ಹೀಗಿರುವಾಗ ಪುತ್ತೂರಿನಲ್ಲಿ ಮಾಷ್ಟ್ರುಗಳಿಗೆ ಒಂದು ದಿನದ ತರಬೇತಿ ನಡೆಯಿತು. ವಿಷಯ: ನ್ಯಾಯವಾಗಿಯೂ, ಮೈ ಮುರಿಯದ ಹಾಗೆಯೂ ಪೇಪರ್ ತಿದ್ದುವುದು ಹೇಗೆ. ಹೇಳಿಕೊಡಲು ಬಂದವರು ತನ್ಮಯೀ ಎಂಬ ಚೂಟಿ ಹೆಂಗಸು. ಬೆಳಿಗ್ಗೆ ಅವರು ಹೇಳಿದ್ದು ಮಾಷ್ಟ್ರ ಎದೆಗೇ ತಾಗಿತು. ಹೆಸರು ನೋಡಿ ತಿದ್ದಬೇಡಿ, ಹೆಸರಿನ ಬದಲು ನಂಬರು ಇರಲಿ. ಅಕ್ಷರ ನೋಡಿ ಮಾರ್ಕು ಹಾಕಬೇಡಿ. ಒಂದು ಪೇಪರನ್ನು ಪೂರ್ತಿ ತಿದ್ದುವ ಬದಲು ಎಲ್ಲರ ಮೊದಲನೇ ಉತ್ತರ ಒಟ್ಟಿಗೆ, ಆಮೇಲೆ ಎಲ್ಲರ ಎರಡನೇ ಉತ್ತರ ಒಟ್ಟಿಗೆ ತಿದ್ದಿ. ಮಾಷ್ಟ್ರು ಹೌದು ಹೌದೆಂದು ಬರೆದುಕೊಂಡರು. ಅಷ್ಟರಲ್ಲಿ ಊಟವಾಯಿತು. ಊಟಕ್ಕೆ ಪಾಯಸವಿತ್ತು. ಪಾಯಸವನ್ನು ಎರಡನೇ ಸಲ ಬಡಿಸುವವರು ಅವರ ಹಳೆಯ ಶಿಷ್ಯರೇ ಆಗಿದ್ದರು.

ಮಧ್ಯಾಹ್ನ ತನ್ಮಯೀ ಹೇಳಿದ್ದು ಇದು: ಹೆಸರಿನ ಬದಲು ನಂಬರು ಹಾಕುವಾಗ ಒಬ್ಬೊಬ್ಬರಿಗೆ ಒಂದೊಂದು ನಂಬರನ್ನು ನೀವೇ ಕೊಡಬೇಕು, ಯಾರಿಗೆ ಯಾವುದು ಎಂಬುದು ಇನ್ನೊಬ್ಬ ಶಿಕ್ಷಕರ ಹತ್ತಿರ ಇರಬೇಕು. ಕುಶಾಲಪ್ಪ ಮಾಷ್ಟ್ರು ಇದನ್ನು ಕೇಳಲಿಲ್ಲ. ಅವರು ಆಗ ಗಡದ್ದಾಗಿ ತೂಕಡಿಸುತ್ತಿದ್ದರು. ತಲೆ ಮೇಲೆ ಕೆಳಗೆ ಹೋಗುತ್ತಿದ್ದುದನ್ನು ನೋಡಿ ತನ್ಮಯೀ ಇವರೊಬ್ಬರಿಗಾದರೂ ಪೂರ್ತಿ ಒಪ್ಪಿಗೆಯಾಯಿತಲ್ಲ ಎಂದು ಸಂತೋಷಪಟ್ಟರು.

ಮುಂದಿನ ಕಿರುಪರೀಕ್ಷೆಯ ದಿನ ಮಾಷ್ಟ್ರು ತರಗತಿಯಲ್ಲಿ ಗಂಟಲು ಸರಿಮಾಡಿಕೊಂಡರು. "ಯಾರೂ ಹೆಸರು ಬರೆಯುದು ಬೇಡ. ನಿಮಗೆ ಇಷ್ಟ ಬಂದ ಒಂದು ನಂಬರು ಹಾಕಿ. ಪಕ್ಕದವರಿಗೆ ಹೇಳಬಾರದು, ನನಗೂ ಹೇಳಬಾರದು. ಇನ್ನು ಈ ಶಾಲೆಯಲ್ಲಿ ನ್ಯಾಯ ಅಂದ್ರೆ ಎಂತ ಅಂತ ಎಲ್ಲರೂ ನೋಡುವಾ!"

ಮಕ್ಕಳು ನೋಡಿದರು, ನಕ್ಕರು, ನಂಬರು ಹಾಕಿದರು.

ಈಗ ಉಳಿದದ್ದು ಅಕ್ಷರದ ಸಮಸ್ಯೆ. ಅಕ್ಷರ ಕಂಡರೆ ಮಕ್ಕಳ ಗುರುತು ಸಿಕ್ಕಿಯೇ ಸಿಗುತ್ತದೆ. ಅದಕ್ಕೆ ಮಾಷ್ಟ್ರು ಒಂದು ಏರ್ಪಾಟು ಮಾಡಿದರು. ಭವಿತಾಳನ್ನು ಸಂಜೆಗೆ ಜತ್ತಪ್ಪನ ಮನೆಗೆ ಕಳಿಸಿದರು. ಜಗಲಿಯಲ್ಲಿ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ತಾವು ಕೂತರು. ಹಿಂದೆ ಸೇವಂತಿ ಪೇಪರಿನ ಕಟ್ಟು ಹಿಡಿದು ಕೂತಳು. ಅವಳು ಓದುವುದು, ಇವರು ಮಾರ್ಕು ಹೇಳುವುದು, ಅವಳು ಬರೆಯುವುದು. ಯಾರ ಅಕ್ಷರ ಎಂದು ಗೊತ್ತಾದರೂ ಬಾಯಿ ಬಿಡುವುದಿಲ್ಲ ಎಂದು ಸೇವಂತಿಯಿಂದ ಮಾತು ತೆಗೆದುಕೊಂಡಿದ್ದರು. ಅವಳು ಸುಳ್ಯದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ದಿನವಿಡೀ ಡಾಕ್ಟರರ ಚೀಟಿ ಓದಿದವಳು. ಅವಳಿಗೆ ಎಲ್ಲರ ಅಕ್ಷರವೂ ಒಂದೇ.

ಬೇಲಿ ದಾಟಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಫೌಝಿಯಾ ಅಂಗಳದಲ್ಲೇ ನಿಂತಳು.

"ಎಂತ ಸೇವಂತಿಯಕ್ಕ, ಮಾಷ್ಟ್ರು ಗೋಡೆಗೆ ಮುಖ ಮಾಡಿ ಕೂತದ್ದು? ಜಗಳವಾ?"

"ಇಲ್ಲ ಮಾರಾಯ್ತಿ, ನ್ಯಾಯ ಮಾಡ್ತಾ ಇದ್ದಾರೆ. ಕೂತ್ಕೊ."

ಫೌಝಿಯಾ ಕೂತಳು. ಮಜ್ಜಿಗೆಗೆಂದು ತಂದ ಲೋಟ ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಿಗೆ ರಿಕ್ಷಾ ನಿಲ್ಲಿಸಿ ಜತ್ತಪ್ಪನೂ ಬಂದ. "ನನ್ನ ಮನೆಗೆ ಮಗಳನ್ನು ಕಳಿಸಿ ಇಲ್ಲಿ ಎಂತ ಗುಟ್ಟು ಮಾಡುದು ಭಾವ?" ಎನ್ನುತ್ತಾ ಕಂಬಕ್ಕೆ ಒರಗಿದವನು, ಎರಡು ಉತ್ತರ ಕೇಳಿದ ಮೇಲೆ ಏಳಲೇ ಇಲ್ಲ. ಬೇರೆಯವರ ಮಕ್ಕಳ ತಪ್ಪು ಕೇಳುವುದರಲ್ಲಿ ಇಷ್ಟು ಸುಖ ಉಂಟೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಗ್ರಾಮಸಭೆ ಏಕೆ ಬೇಕು?" ಸೇವಂತಿ ಓದಿದಳು. "ಗ್ರಾಮಸಭೆಯು ಗ್ರಾಮಕ್ಕೆ ಬೇಕು. ಗ್ರಾಮಸಭೆ ಇಲ್ಲದಿದ್ದರೆ ಗ್ರಾಮದಲ್ಲಿ ಸಭೆ ಇರುವುದಿಲ್ಲ."

"ಅಯ್ಯೋ ದೇವರೆ!" ಜತ್ತಪ್ಪ ತೊಡೆ ತಟ್ಟಿದ. "ಸೊನ್ನೆ ಹಾಕಿ ಭಾವ. ಇದಕ್ಕೆ ಮಾರ್ಕು ಕೊಟ್ರೆ ಸರ್ಕಾರಕ್ಕೆ ಮೋಸ ಮಾಡಿದ ಹಾಗೆ. ಈ ಮಗುವಿನ ಅಪ್ಪ ಎಂತ ಮಾಡ್ತಾನೆ ಮನೆಯಲ್ಲಿ? ಒಂದು ದಿನ ಪುಸ್ತಕ ತೆಗೆದು ನೋಡಬಾರದಾ?"

"ಅರ್ಧ ಕೊಡುವಾ," ಎಂದರು ಮಾಷ್ಟ್ರು ಗೋಡೆಗೆ.

"ಕೊಡಬೇಡಿ! ನಿಮ್ಮಂಥವರಿಂದಲೇ ಹಾಳಾಗುದು ಮಕ್ಕಳು."

ಅರ್ಧವೂ ಹೋಯಿತು. ಕಟ್ಟಿನ ಮಧ್ಯಕ್ಕೆ ಬಂದಾಗ ಸೇವಂತಿ ಇನ್ನೊಂದು ಓದಿದಳು. "ಗ್ರಾಮಸಭೆ ಬೇಕು, ಯಾಕೆಂದರೆ ನಮಗೆ ತೋಡು ದಾಟಲು ಕಾಲುಸಂಕ ಬೇಕು. ಕಾಲುಸಂಕ ಇಲ್ಲದೆ ತೋಡಿನ ಆಚೆಯ ಮಕ್ಕಳು ಆಟಿ ತಿಂಗಳ ಮಳೆಯಲ್ಲಿ ಶಾಲೆಗೆ ಬರುವುದಿಲ್ಲ. ಇದನ್ನು ಮನೆಯಲ್ಲಿ ಕೂತು ಹೇಳಿದರೆ ಗೋಡೆ ಮಾತ್ರ ಕೇಳುತ್ತದೆ. ಗ್ರಾಮಸಭೆಯಲ್ಲಿ ಹೇಳಿದರೆ ಬರೆದುಕೊಳ್ಳಲೇಬೇಕು. ಬರೆದುಕೊಂಡದ್ದನ್ನು ಮಾಡದಿದ್ದರೆ ಮುಂದಿನ ಸಭೆಯಲ್ಲಿ ಕೇಳುವ ಹಕ್ಕು ನಮಗೆ ಉಂಟು."

ಜತ್ತಪ್ಪ ಕಂಬ ಬಿಟ್ಟು ನೆಟ್ಟಗೆ ಕೂತ. "ಇದು ಮಗು ಬರೆದದ್ದಾ? ಇವನನ್ನು ಪಂಚಾಯತಿಗೆ ನಿಲ್ಲಿಸುವಾ."

"ಪಡಚೋನೆ!" ದೇವರನ್ನು ನೆನೆದ ಫೌಝಿಯಾಳ ಕಣ್ಣು ಒದ್ದೆಯಾಗಿತ್ತು. "ಇದನ್ನು ಹೆತ್ತ ತಾಯಿ ಎಷ್ಟು ಪುಣ್ಯ ಮಾಡಿರಬೇಕು! ನನ್ನದೊಂದು ಉಂಟಲ್ಲ, ಜಾಸಿರ್. ಈ ಸಲವೂ ಸಮಾಜದಲ್ಲಿ ಫೇಲ್ ಆದ್ರೆ ಒಂಬತ್ತಕ್ಕೇ ಶಾಲೆ ಬಿಡಿಸಿ ಪುತ್ತೂರಿನಲ್ಲಿ ಅಣ್ಣನ ಮೊಬೈಲ್ ಅಂಗಡಿಗೆ ಹಾಕುದು ಅಂತ ತೀರ್ಮಾನ ಮಾಡಿದ್ದೇವೆ. ಅವನ ಬಾಪನೂ ದುಬಾಯಿಯಿಂದ ಹೂಂ ಅಂದ್ರು. ಅವನಿಗೆ ಶಾಲೆ ಅಂದ್ರೆ ಪ್ರಾಣ. ಪೊಕ್ಕಡೆ, ಸುಮ್ಮನೆ ಪ್ರಾಣ ಇದ್ದು ಎಂತ ಮಾಡುದು, ಮಾರ್ಕು ಬರಬೇಕಲ್ಲ?"

ಗೋಡೆಗೆ ಮುಖ ಮಾಡಿದ್ದ ಮಾಷ್ಟ್ರು ಬೇರೆಯದೇ ಲೋಕದಲ್ಲಿದ್ದರು. ಕಾಲುಸಂಕದ ವಿಷಯ ಅವರು ಊಟದ ಹೊತ್ತಿಗೆ ಮನೆಯಲ್ಲಿ ಹೇಳುತ್ತಾ ಬಂದದ್ದೇ. ಸಂಶಯವೇ ಬೇಡ, ಇದು ಭವಿತಾ. ಅವರ ಎದೆ ಕುರ್ಚಿಯ ಕೈಗಳನ್ನು ದಾಟಿ ಉಬ್ಬಿತು.

ಮುಂದಿನ ಪ್ರಶ್ನೆಗಳಲ್ಲೂ ಇದು ಆ ಕಾಲುಸಂಕದ ಪೇಪರೆಂದು ಸೇವಂತಿ ಹೇಳಿದಾಗಲೆಲ್ಲ ಜತ್ತಪ್ಪನೂ ಫೌಝಿಯಾಳೂ ಪೈಪೋಟಿಯಲ್ಲಿ ಮಾರ್ಕು ಕೊಡಿಸಿದರು. ಕೂಡಿಸಿದಾಗ ಇಪ್ಪತ್ತನಾಲ್ಕು. ಇಬ್ಬರೂ ತಂತಮ್ಮ ಮನೆಗೆ ಹೋದ ಮೇಲೆ ಮಾಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು. "ಆ ಕಾಲುಸಂಕದ ಪೇಪರಿನ ನಂಬರೆಷ್ಟು?"

"ಏಳು."

ಭವಿತಾ ಹುಟ್ಟಿದ್ದು ಏಳನೇ ತಾರೀಕು. ಇನ್ನು ಬೇರೆ ಸಾಕ್ಷಿ ಯಾಕೆ? "ಅದರ ಒಟ್ಟಿನಲ್ಲಿ ಎರಡು ಕಡಿ," ಎಂದರು.

"ಯಾಕೆ? ಎಲ್ಲ ಸರಿ ಉಂಟಲ್ಲ?"

"ಕಡಿ ಅಂದ್ರೆ ಕಡಿ. ಅದು ಮೌಲ್ಯಮಾಪನದ ಒಳಗುಟ್ಟು, ನಿನಗೆ ಗೊತ್ತಾಗುದಿಲ್ಲ."

"ಕಡಿದೆ. ಆದ್ರೆ ಇಲ್ಲಿ ನೋಡಿ, ಈ ಏಳು ಅಂತ ಹಾಕಿದ್ದು..."

"ಸಾಕು! ಇನ್ನು ನಂಬರೂ ಹೇಳಬೇಡ. ನಾನು ಕೇಳಬಾರದು." ಮಾಷ್ಟ್ರು ಕಿವಿ ಮುಚ್ಚಿಕೊಂಡರು. ನ್ಯಾಯದ ವಿಷಯದಲ್ಲಿ ಅವರು ಅಷ್ಟು ಕಟ್ಟುನಿಟ್ಟು.

ಮರುದಿನ ತರಗತಿಯಲ್ಲಿ ಪೇಪರ್ ಕೊಡುವ ಕಾರ್ಯಕ್ರಮ. ಮಾಷ್ಟ್ರು ಕಟ್ಟನ್ನು ಮಕ್ಕಳಿಗೆ ಕಾಣದ ಹಾಗೆ ಎದೆಗೆ ಹಿಡಿದು, ತಾವೂ ಮೇಲ್ತುದಿಯ ನಂಬರು, ಮಾರ್ಕು ಮಾತ್ರ ನೋಡಿ ಒಂದೊಂದೇ ಕೂಗಿದರು. "ಒಂದು ಸಾವಿರದ ಒಂಬತ್ತು! ಇಪ್ಪತ್ತಮೂರು ಮಾರ್ಕು!"

ಕೊನೆಯ ಬೆಂಚಿನಿಂದ ಎದ್ದು ಬಂದವಳು ಭವಿತಾ. ತರಗತಿಯಲ್ಲಿ "ಓ..." ಎಂಬ ರಾಗ ಎದ್ದಿತು. ಅವಳು ತಲೆ ತಗ್ಗಿಸಿ ಪೇಪರ್ ಹಿಡಿದು ಹೋದಳು.

ಮಾಷ್ಟ್ರು ಕಟ್ಟಿನಲ್ಲಿ ಸರಸರನೆ ಹುಡುಕಿದರು. ಇವಳು ಸಾವಿರದ ಒಂಬತ್ತಾದರೆ ಏಳು ಯಾರು? "ಏಳು!" ಎಂದು ಕೂಗಿದರು.

ಒಂಬತ್ತು ಜನ ಎದ್ದು ನಿಂತರು.

ಫುಟ್‌ಬಾಲ್ ನೋಡುವವರಿಗೆ, ಮೆಚ್ಚಿನ ಆಟಗಾರನ ಅಂಗಿಯ ನಂಬರು ಎಂದು, ಏಳೆಂದರೆ ಪ್ರಾಣ. ಕ್ರಿಕೆಟ್ ನೋಡುವವರಿಗೂ ಏಳೆಂದರೆ ಪ್ರಾಣ. ಬೇರೆ ಯಾವ ವಿಷಯದಲ್ಲೂ ಒಗ್ಗಟ್ಟಾಗದ ಒಂಬತ್ತನೇ ತರಗತಿಯ ಗಂಡುಮಕ್ಕಳು ಈ ಒಂದು ನಂಬರಿನಲ್ಲಿ ಒಗ್ಗಟ್ಟಾಗಿದ್ದರು. ಮಾಷ್ಟ್ರು ಬೆವರು ಒರೆಸಿಕೊಂಡರು. "ಏಳನೇ ನಂಬರು, ಇಪ್ಪತ್ತೆರಡು ಮಾರ್ಕಿನದ್ದು ಯಾರದ್ದು?"

"ನಂದು ಸರ್!" ಎಂಟು ಕೈ ಮೇಲೆ ಹೋದವು. ಎಲ್ಲಕ್ಕಿಂತ ಎತ್ತರದಲ್ಲಿ ಇದ್ದದ್ದು ಮೋಕ್ಷಿತನ ಕೈ.

"ಏಳನೇ ನಂಬರು, ನಾಲ್ಕು ಮಾರ್ಕಿನದ್ದು?"

ಎಂಟೂ ಕೈ ಕೆಳಗೆ ಬಂದವು. ಒಂಬತ್ತನೆಯವನು ನಿಧಾನಕ್ಕೆ ಎದುರಿಗೆ ಬಂದ. ಅದು ಜಾಸಿರ್. "ನಾಲ್ಕಿನದ್ದು ನಂದಿರಬೇಕು ಸರ್," ಎಂದ. ಅವನ ದನಿ ಕೇಳಿದರೆ ಆಗಲೇ ಮೊಬೈಲ್ ಅಂಗಡಿಯಲ್ಲಿ ಕೂತಿದ್ದ ಹಾಗಿತ್ತು.

ಆಗ ಮಾಷ್ಟ್ರು ಇಪ್ಪತ್ತೆರಡರ ಪೇಪರನ್ನು ಮೊದಲ ಸಲ ಕಣ್ಣಿನಿಂದ ನೋಡಿದರು. ಪುಟದ ತುಂಬ ಕೋಳಿ ಕೆದಕಿತ್ತು. ನಾಲ್ಕರ ಪೇಪರ್ ನೋಡಿದರು. ಮುತ್ತಿನಂಥ ದುಂಡು ಅಕ್ಷರ, ಅವರು ವರ್ಷವಿಡೀ ಹದಿನಾಲ್ಕು ಹದಿನೈದು ಕೊಡುತ್ತಾ ಬಂದ ಮೋಕ್ಷಿತನ ಅಕ್ಷರ.

"ಇಪ್ಪತ್ತೆರಡು ಜಾಸಿರನದ್ದು," ಎಂದರು. ಹೇಳಿ ಮುಗಿಸುವ ಮೊದಲೇ ತರಗತಿ ಸಂತೆಯಾಯಿತು. ಜಾಸಿರ್ ಕಾಪಿ ಹೊಡೆದದ್ದು ಎಂದರು ಕೆಲವರು. ಮಾಷ್ಟ್ರಿಗೆ ತಲೆ ತಿರುಗಿದ್ದು ಎಂದರು ಕೆಲವರು. ಮಧ್ಯಾಹ್ನದ ಬಿಡುವಿನೊಳಗೆ ಸುದ್ದಿ ರಿಕ್ಷಾ ಸ್ಟ್ಯಾಂಡಿಗೂ ಬೇಲಿಯಾಚೆ ಮನೆಗೂ ತಲುಪಿತು. ಎರಡು ಗಂಟೆಗೆ ಹೆಡ್‌ ಟೀಚರ್ ಶರ್ಮಿಳಾ ಅವರ ಕೋಣೆಯಲ್ಲಿ ಜತ್ತಪ್ಪ, ಫೌಝಿಯಾ, ಮೋಕ್ಷಿತ್, ಜಾಸಿರ್ ಎಲ್ಲರೂ ಸೇರಿದ್ದರು. ಮೆಡಿಕಲಿನಿಂದ ಅರ್ಧ ದಿನ ರಜೆ ಹಾಕಿ ಸೇವಂತಿಯೂ ಬಂದಿದ್ದಳು, ಓದಿದವಳು ತಾನಲ್ಲವೇ ಎಂಬ ಜವಾಬ್ದಾರಿಯಿಂದ.

"ಅಕ್ಷರ ನೋಡುದಿಲ್ಲ ಅಂದವರು ನೀವು," ಜತ್ತಪ್ಪ ಶುರುಮಾಡಿದ. "ಈಗ ಅಕ್ಷರ ನೋಡಿ ನನ್ನ ಮಗನಿಗೆ ನಾಲ್ಕು ಅಂತ ಹೇಗೆ ಹೇಳಿದ್ರಿ ಭಾವ? ಇದಾ ನ್ಯಾಯ?"

"ನನ್ನ ಮಗ ಇಪ್ಪತ್ತೆರಡು ತೆಗೆಯುದಿಲ್ಲ ಟೀಚರ್," ಎಂದಳು ಫೌಝಿಯಾ ಕೈಮುಗಿದು. "ಕಾಪಿ ಮಾಡಿದ್ದಾದ್ರೆ ಮಾಫು ಮಾಡಿ. ಅಂಗಡಿಗೆ ಹಾಕ್ತೇವೆ."

ಮಾಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಅಕ್ಷರ ಇಷ್ಟು ಕೆಟ್ಟದಾಗಿ ಉಂಟು ಅಂತ ನೀನು ಹೇಳಲೇ ಇಲ್ಲ!"

"ಕೆಟ್ಟದಾ? ನನಗೆಂತ ಕಷ್ಟ ಆಗ್ಲಿಲ್ಲಪ್ಪ. ನಮ್ಮ ಡಾಕ್ಟ್ರುಗಳದ್ದು ನೋಡಿ ನೀವು."

ಶರ್ಮಿಳಾ ಟೀಚರಿಗೆ ಮೂರು ಗಂಟೆಗೆ ಬೇರೆ ಮೀಟಿಂಗ್ ಇತ್ತು. ಅವರು ಜಾಸಿರನನ್ನು ಎದುರಿಗೆ ನಿಲ್ಲಿಸಿಕೊಂಡರು. "ಹೇಳು ಮಗಾ, ಗ್ರಾಮಸಭೆ ಯಾಕೆ ಬೇಕು?"

ಜಾಸಿರ್ ಅಮ್ಮನ ಮುಖ ನೋಡಿದ, ನೆಲ ನೋಡಿದ. "ಕಾಲುಸಂಕಕ್ಕೆ ಟೀಚರ್," ಎಂದು ಶುರುಮಾಡಿದವನು ಆಮೇಲೆ ನಿಲ್ಲಲಿಲ್ಲ. ಅಜ್ಜ ಅದ್ರಾಮರ ಜೊತೆ ಪ್ರತಿ ಗ್ರಾಮಸಭೆಗೆ ತಾನು ಹೋಗುವುದು, ಅಜ್ಜ ಎದ್ದು ಕೇಳಿದಾಗ ಅಧಿಕಾರಿ ನೀರು ಕುಡಿದದ್ದು, ಹಿಂದಿನ ಸಭೆಯ ನಿರ್ಣಯ ಓದಿ ಎಂದು ಅಜ್ಜ ಹಟ ಹಿಡಿದದ್ದು, ಎಲ್ಲ ಹೇಳಿದ. ಪೇಪರಿನಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಹೇಳಿದ.

"ಇವನೇ!" ಜತ್ತಪ್ಪ ಕುರ್ಚಿಯಿಂದ ಎದ್ದ. "ಪಂಚಾಯತಿಗೆ ನಿಲ್ಲಿಸುವಾ ಅಂದದ್ದು ನಾನು ಇವನನ್ನೇ!" ಆಮೇಲೆ ಮೇಜಿನ ಮೇಲಿನ ನಾಲ್ಕು ಮಾರ್ಕಿನ ಪೇಪರ್ ಎತ್ತಿಕೊಂಡ. ಗ್ರಾಮಸಭೆ ಇಲ್ಲದಿದ್ದರೆ ಗ್ರಾಮದಲ್ಲಿ ಸಭೆ ಇರುವುದಿಲ್ಲ ಎಂಬ ಸಾಲು ಓದಿದ. ಮಗನ ಮುಖ ನೋಡಿದ. ಈ ಮಗುವಿನ ಅಪ್ಪ ಮನೆಯಲ್ಲಿ ಎಂತ ಮಾಡುತ್ತಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿ, ಹೇಗೆ ಎದ್ದಿದ್ದನೋ ಹಾಗೆ ಕೂತ.

ಫೌಝಿಯಾ ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದಳು. "ಸೇವಂತಿಯಕ್ಕ, ನಾನು ನಿನ್ನೆ ಒಬ್ಬ ತಾಯಿ ಅಂತ ಹೇಳಿದ್ದೆನಲ್ಲ, ಪುಣ್ಯ ಮಾಡಿದವಳು... ಅದು ನಾನಾ?"

"ನೀನೇ ಮಾರಾಯ್ತಿ."

"ಪಡಚೋನೆ!" ಎಂದವಳು ಮಗನ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡಳು. "ಅಂಗಡಿಯೂ ಬೇಡ, ಎಂತದೂ ಬೇಡ. ಅಣ್ಣ ಬೇರೆ ಜನ ನೋಡಿಕೊಳ್ಳಲಿ."

ಎಲ್ಲ ಸುಖಾಂತವಾಯಿತೆಂದು ಮಾಷ್ಟ್ರು ಎದ್ದರು. ಆದರೆ ಅಮ್ಮನ ಹಿಡಿತದಿಂದ ಬಿಡಿಸಿಕೊಂಡ ಜಾಸಿರ್ ತನ್ನ ಪೇಪರ್ ಹಿಡಿದು ಬೆರಳಲ್ಲಿ ಎಣಿಸುತ್ತಿದ್ದ. ಅಷ್ಟು ಮಾರ್ಕನ್ನು ಕೂಡಿಸುವ ಭಾಗ್ಯ ಅವನಿಗೆ ಹಿಂದೆ ಬಂದಿರಲಿಲ್ಲ. "ಸರ್, ಕೂಡಿಸಿದ್ರೆ ಇಪ್ಪತ್ತನಾಲ್ಕು ಬರ್ತದೆ. ಮೇಲೆ ಇಪ್ಪತ್ತೆರಡು ಉಂಟು."

ಶರ್ಮಿಳಾ ಟೀಚರ್ ಕೂಡಿಸಿದರು. ಇಪ್ಪತ್ತನಾಲ್ಕು. ಜತ್ತಪ್ಪ ಇಣುಕಿ ಕೂಡಿಸಿದ. ಇಪ್ಪತ್ತನಾಲ್ಕು. "ಓಹೋ!" ಎಂದ ಅವನು, ಕೊನೆಗೂ ಏನೋ ಸಿಕ್ಕಿದ ಸಂತೋಷದಲ್ಲಿ. "ಇವನದ್ದು ಇಪ್ಪತ್ತೆರಡು ಮಾಡಿ, ಇಪ್ಪತ್ತಮೂರು ತೆಗೆದ ನಿಮ್ಮ ಮಗಳನ್ನು ಫಸ್ಟ್ ತಂದದ್ದಾ ಭಾವ?"

"ಇವರೇ ಕಡಿಲಿಕ್ಕೆ ಹೇಳಿದ್ದು," ಎಂದಳು ಸೇವಂತಿ. "ಒಳಗುಟ್ಟು ಅಂದ್ರು."

ಎಲ್ಲರೂ ಮಾಷ್ಟ್ರನ್ನು ನೋಡಿದರು. ಮಾಷ್ಟ್ರು ಕಿಟಕಿ ನೋಡಿದರು. ಅಲ್ಲಿಂದಲೂ ಏನೂ ಸಹಾಯ ಬರಲಿಲ್ಲ.

"ಯಾಕೆ ಸರ್ ಕಡಿದದ್ದು? ಎಂತ ತಪ್ಪಾಗಿತ್ತು?" ಜಾಸಿರ್ ಕೇಳಿದ್ದು ಜಗಳಕ್ಕಲ್ಲ, ತಿದ್ದಿಕೊಳ್ಳುವ ಎಂದು.

"ತಪ್ಪು ಎಂತದೂ ಇರಲಿಲ್ಲ," ಎಂದರು ಮಾಷ್ಟ್ರು. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ನೀನು ನನ್ನ ಮಗಳು ಅಂತ ತಿಳಿದೆ ಮಾರಾಯ."

ಕೋಣೆಯಲ್ಲಿದ್ದವರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲಲ್ಲಿ ನಿಂತಿದ್ದವಳಿಗೆ ಬೇಕಾಗಲಿಲ್ಲ. ಗಲಾಟೆ ಕೇಳಿ ಬಂದಿದ್ದ ಭವಿತಾ ಒಳಗೆ ಬಂದಳು.

"ಮಗಳಾದ್ರೆ ಕಡಿಯುದಾ? ಪ್ರತಿ ಸಲವೂ?"

ಮಾಷ್ಟ್ರು ತಲೆಯಾಡಿಸಿದರು.

"ಎರಡೆರಡು ಮಾರ್ಕು?"

"ಒಮ್ಮೊಮ್ಮೆ ಮೂರು," ಎಂದರು. ಒಪ್ಪಿಕೊಳ್ಳುವಾಗ ಪೂರ್ತಿ ಒಪ್ಪಿಕೊಳ್ಳುವುದು ನ್ಯಾಯ ಎಂದು ಅವರಿಗೆ ಅನಿಸಿತು. ಆಮೇಲೆ ಮೆಲ್ಲಗೆ, "ಜನ ಮಾತಾಡ್ತಾರೆ ಅಂತ ಮಗಾ. ನಿನಗೆ ಕೆಟ್ಟ ಹೆಸರು ಬರಬಾರದು ಅಂತ," ಎಂದರು.

ಜತ್ತಪ್ಪ ಕಿಸೆಯಲ್ಲಿದ್ದ ಪೇಪರನ್ನು ಮುಟ್ಟಿ ನೋಡಿಕೊಂಡ. ಸೇವಂತಿ ಗಂಡನನ್ನು ನೋಡಿದ ರೀತಿ ನೋಡಿದರೆ ಆ ದಿನ ಮನೆಯಲ್ಲಿ ಒಲೆ ಹೊತ್ತುವುದು ಅನುಮಾನವಿತ್ತು. ಭವಿತಾ ಅಳುತ್ತಾಳೆಂದು ಎಲ್ಲರೂ ಕಾದರು. ಅವಳ ಕಣ್ಣು ತುಂಬಿದ್ದೂ ಹೌದು. ಆದರೆ ಅವಳು ಬೇರೆಯೇ ಲೆಕ್ಕದಲ್ಲಿದ್ದಳು.

"ಹಾಗಾದ್ರೆ ಅರ್ಧವಾರ್ಷಿಕದ ಮೊದಲಿನ ಟೆಸ್ಟಿನಲ್ಲಿ ಇಪ್ಪತ್ತಮೂರು ಬಂದದ್ದು..."

"ಇಪ್ಪತ್ತೈದು."

"ಇಪ್ಪತ್ತೈದಕ್ಕೆ ಇಪ್ಪತ್ತೈದಾ?"

"ಹೌದು ಮಗಾ. ಒಂದು ಅರ್ಧ ಮಾರ್ಕು ತೆಗೀಲಿಕ್ಕೆ ಜಾಗ ಇರಲಿಲ್ಲ."

ಶರ್ಮಿಳಾ ಟೀಚರ್ ಕೆಂಪು ಪೆನ್ನು ಮಾಷ್ಟ್ರ ಎದುರಿಗೆ ದೂಡಿದರು. ಮಾಷ್ಟ್ರು ಮೊದಲು ಜಾಸಿರನ ಪೇಪರಿನಲ್ಲಿ ಇಪ್ಪತ್ತೆರಡನ್ನು ಹೊಡೆದು ಇಪ್ಪತ್ತನಾಲ್ಕು ಮಾಡಿ ಸಹಿ ಹಾಕಿದರು. ಈ ಸಲದ ಫಸ್ಟ್ ಅವನೇ. "ನಿನ್ನ ಹಳೆಯದ್ದೆಲ್ಲ ನಾಳೆ ಸರಿಮಾಡಿ ಕೊಡುವೆ," ಎಂದರು ಮಗಳಿಗೆ.

"ನಾಳೆ ಬೇಡ. ಈಗ ಕ್ಲಾಸಿಗೆ ಬಂದು ಹೇಳಿ."

ಅವಳು ಮುಂದೆ ಹೋದಳು. ಮಾಷ್ಟ್ರು ಹಿಂದೆ ಹೋದರು. ಅವರ ಹಿಂದೆ ಕೋಣೆಯಲ್ಲಿದ್ದವರೆಲ್ಲ ಹೋದರು, ಮೀಟಿಂಗಿಗೆ ಹೊರಟಿದ್ದ ಶರ್ಮಿಳಾ ಟೀಚರ್ ಕೂಡ. ಒಂಬತ್ತನೇ ತರಗತಿ ಎದ್ದು ನಿಂತು ಕೂತಿತು. ಭವಿತಾ ಬೆಂಚುಗಳ ನಡುವೆ ನಡೆದು ತನ್ನ ಜಾಗಕ್ಕೆ ಹೋಗಿ ಕೂತಳು.

ಮಾಷ್ಟ್ರು ಹಲಗೆಗೆ ಬೆನ್ನು ಕೊಟ್ಟು, ನೆಲ ನೋಡುತ್ತಾ ತಾನು ಮಾಡಿದ್ದನ್ನು ಒಂದೆರಡು ಮಾತಿನಲ್ಲಿ ಹೇಳಿದರು. ಕೊನೆಗೆ ಸಣ್ಣ ದನಿಯಲ್ಲಿ, "ಅರ್ಧವಾರ್ಷಿಕದ ಮೊದಲಿನ ಟೆಸ್ಟಿನಲ್ಲಿ ಭವಿತಾಳಿಗೆ ನಿಜವಾಗಿ ಬಂದದ್ದು ಇಪ್ಪತ್ತೈದಕ್ಕೆ ಇಪ್ಪತ್ತೈದು," ಎಂದರು.

ಭವಿತಾ ಕೈ ಎತ್ತಿದಳು.

"ಸರ್, ಸ್ವಲ್ಪ ಜೋರಾಗಿ ಹೇಳಿ. ಹಿಂದಿನ ಬೆಂಚಿಗೆ ಕೇಳ್ಲಿಲ್ಲ."